ಗಂಗಾಂಬಿಕಾ ಟೀಚರ ಬಲಗೈ
ಹಗರಿಬೊಮ್ಮನಹಳ್ಳಿಯ ಅಜೀಜಬಿ ಮನೆಮನೆಗೆ ಹೋಗಿ ಹೆಂಗಸರಿಗೆ ಎಣ್ಣೆ ಹಚ್ಚಿ ಮೈ ತಿಕ್ಕುತ್ತಿದ್ದಳು. ಗಂಡ ತೀರಿಕೊಂಡು ಹನ್ನೆರಡು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ೧೯೯೮ರಲ್ಲಿ ಗಂಗಾಂಬಿಕಾ ಟೀಚರಿಗೆ ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿತು. ಡಾಕ್ಟರು ಹೇಳಿದ ವ್ಯಾಯಾಮ ಮಾಡಿಸುತ್ತಾ, ಬೆಚ್ಚನೆಯ ಎಳ್ಳೆಣ್ಣೆ ಹಚ್ಚಿ ಅಜೀಜಬಿ ಆ ಕೈಯನ್ನು ಎಂಟು ತಿಂಗಳು ನೀವಿದಳು. ಮೊದಲು ಬಿಗಿತ ಸಡಿಲವಾಯಿತು, ಆಮೇಲೆ ಬೆರಳುಗಳು ಆಡಿದವು.

ಒಂದು ಬೆಳಿಗ್ಗೆ ಟೀಚರು ಅದೇ ಕೈಯೆತ್ತಿ ಅಜೀಜಬಿಯ ಹೆಗಲನ್ನು ಮೆಲ್ಲಗೆ ಒತ್ತಿದರು.

“ಎಷ್ಟು ಗಂಟು ಕಟ್ಟೈತಿ ಅಜೀಜಬಿ! ನಿನಗ ಯಾರು ತಿಕ್ಕತಾರ?”

“ಯಾರೂ ಇಲ್ರಿ ಅಕ್ಕೋರ,” ಎಂದವಳಿಗೆ ಅಳು ಬಂತು. ಗಂಡ ಹೋದ ಮೇಲೆ ಅವಳ ಮೈಯನ್ನು ಯಾರೂ ಅಕ್ಕರೆಯಿಂದ ಮುಟ್ಟಿರಲಿಲ್ಲ. ಅಳು ನಿಲ್ಲುವವರೆಗೂ ಟೀಚರು ಕೈ ತೆಗೆಯಲಿಲ್ಲ.

ಮರುವಾರ ಅವರು ಶಾಲೆಗೆ ಹೋಗತೊಡಗಿದರು. ಅಜೀಜಬಿಗೆ ಆ ಮನೆಯಲ್ಲಿ ಇನ್ನು ಕೆಲಸವಿರಲಿಲ್ಲ.