ಏನೂ ಮಾಡದಾಕಿ

ಗಂಡನಿಗೆ ಬಹುವಚನ ಕೊಡುವುದು ನಮ್ಮಲ್ಲಿ ರೂಢಿ. ಈ ಬರಹದಲ್ಲಿ ಕೊಡುವುದಿಲ್ಲ. ಆ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಯುವುದೂ ಬೇಡ.

ಬೆಟಗೇರಿಯ ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ನಾನು ಕೆಚ್ಚುತ್ತಿದ್ದೇನೆ. ಮಗ್ಗದ ಮೇಲಿನ ಹಳೆಯ ಹಾಸು, ಅಂದರೆ ಉದ್ದನೆಯ ಎಳೆಗಳ ಸಾಲು, ಮುಗಿಯುತ್ತ ಬಂದಾಗ ಅದರ ಒಂದೊಂದು ಎಳೆಗೂ ಹೊಸ ಹಾಸಿನ ಎಳೆಯನ್ನು ಹೊಸೆದು ಕೂಡಿಸುವ ಕೆಲಸ ಅದು. ಬೆರಳು ಜಾರಬಾರದೆಂದು ಆಗಾಗ ಬೂದಿ ಮುಟ್ಟಿಕೊಳ್ಳಬೇಕು. ಒಂದು ಹಾಸಿನಲ್ಲಿ ಸಾವಿರಾರು ಎಳೆ. ಗದಗ ಬೇರೆ ಜಿಲ್ಲೆಯಾದಾಗ ಓಣಿಗೆಲ್ಲ ಪೇಢೆ ಹಂಚಿದರು. ನಾನು ತಿಂದ ಪೇಢೆಗೆ ಬೂದಿ ಮೆತ್ತಿತ್ತು. ಎದುರು ಮನೆಗೆ ವಿದ್ಯುತ್ ಮಗ್ಗ ಬಂದು ನಮ್ಮ ಗೋಡೆ ನಡುಗಿದಾಗಲೂ ಕೆಚ್ಚುತ್ತಿದ್ದೆ. ಕೊರೊನಾ ಬಂದು ನೂಲು ನಿಂತಾಗ ಮಾತ್ರ ಈ ಕೈಗೆ ವಿಶ್ರಾಂತಿ ಸಿಕ್ಕಿತು, ಹೊಟ್ಟೆಗೂ.

ಆಮೇಲೆ ನೇಕಾರರ ಸರ್ವೆ ಬಂತು. ಹೆಸರು ಬರೆಸಿದವರಿಗೆ ಗುರುತಿನ ಕಾರ್ಡು ಕೊಡುತ್ತಾರೆಂದು ಸುದ್ದಿ. ಅದರಲ್ಲಿ ನನ್ನ ಹೆಸರಿನ ಕೆಳಗೆ ನನ್ನ ಕೆಲಸವೂ ಇರಬೇಕೆಂದು ಆಸೆಪಟ್ಟೆ. ಇಷ್ಟು ವರ್ಷ ದುಡಿದದ್ದು ಒಂದು ಕಡೆಯಾದರೂ ದಾಖಲಾಗಬೇಡವೇ?

ಸರ್ವೆ ಸಾಹೇಬರು ಟ್ಯಾಬ್ ಹಿಡಿದು ಕೇಳಿದರು, "ನೇಯೋರು ಯಾರ್ರಿ?"

"ನಾನ್ರಿ," ಎಂದ ಗಂಡ.

"ಇವರು?"

ಅವನು ನನ್ನ ಕಡೆ ತಿರುಗಲೂ ಇಲ್ಲ. "ಆಕಿ ಏನೂ ಮಾಡಂಗಿಲ್ರಿ. ಮನ್ಯಾಗ ಇರ್ತಾಳ."

ನಾನು ಅವನಿಂದ ಮೂರು ಮೊಳ ದೂರ ಕೂತು ಅವನ ಹಾಸನ್ನೇ ಕೆಚ್ಚುತ್ತಿದ್ದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಮೈಯೆಲ್ಲ ಉರಿಯಿತು. ಅರ್ಧ ಕೆಚ್ಚಿದ ಹಾಸನ್ನು ಹಾಗೇ ಬಿಟ್ಟು ಎದ್ದೆ.

"ನಾಡಿದ್ದ ಬರ್ತೀನ್ರಿ. ನೀವು ನೇಯೂವಾಗಿನ ಫೋಟೋ ಬೇಕು," ಎಂದು ಹೇಳಿ ಸಾಹೇಬರು ಹೋದರು.

"ಏ, ಉಳದದ್ದು ಜಲ್ದಿ ಮುಗಸ," ಎಂದ ಗಂಡ.

"ಏನೂ ಮಾಡದಾಕಿ ಏನ್ ಮುಗಸ್ತಾಳ್ರಿ?"

ಎರಡು ದಿನ ರೊಟ್ಟಿ ಬಡಿದು ಅವನ ಮುಂದೆ ಇಟ್ಟೆ, ಅಷ್ಟೇ. ಕಡೆಗೆ ಅವನೇ ಕೆಚ್ಚಲು ಕೂತ. ಅವನ ದಪ್ಪ ಬೆರಳಲ್ಲಿ ಎಳೆ ಹರಿದವು. ಕೂಡಿಸಿದ್ದೂ ಎಳೆದರೆ ಬಿಚ್ಚಿ ಬಂತು. ನನಗೆ ಸಂತೋಷವಾಯಿತು. ಅದನ್ನು ಯಾಕೆ ಮುಚ್ಚಿಡಲಿ?

ಸಾಹೇಬರು ಬಂದಾಗ ಮಗ್ಗ ನಿಂತೇ ಇತ್ತು.

"ನೇಯ್ರಿ ಯಜಮಾನ್ರ, ಫೋಟೋ ತಗೀತೀನಿ."

"ಹಾಸು ಕೆಚ್ಚೂದು ಮುಗದಿಲ್ರಿ."

"ಯಾರು ಕೆಚ್ಚಬೇಕು?"

ಗಂಡ ನೆಲ ನೋಡುತ್ತ ಹೇಳಿದ, "ಆಕೀನ ಕೆಚ್ಚಬೇಕ್ರಿ. ಆಕಿ ಕೈ ಬಿಟ್ರ ಮಗ್ಗ ನಡಿಯಂಗಿಲ್ಲ."

"ಹಂಗಂತ ಬರಕೋರಿ ಸಾಹೇಬ್ರ," ಎಂದೆ.

ಅವರು ಟ್ಯಾಬ್ ಮೇಲೆ ಬೆರಳಾಡಿಸಿದರು. "ಸಹಾಯಕಿ ಅಂತ ಹಾಕೀನಿ, ಅಕ್ಕಾರ. ಆತಲ್ಲ?"

ಗಂಡನ ಮುಖ ಅರಳಿತು. "ಆತ್ರಿ, ಆತು! ಬಾ, ಕುಂಡ್ರು."

ನಾನು ಬೂದಿಯ ಬಟ್ಟಲನ್ನು ಅವನ ಮುಂದೆ ಸರಿಸಿದೆ.

"ಕೆಚ್ಚೂದು ನೀವ ಮಾಡ್ರಿ. ನಾ ಸಹಾಯ ಮಾಡ್ತೀನಿ."