ಮೂರನೇ ಪಾಠದ ವಾಕ್ಯ

ಕೊಲ್ಲಿ ನಾಡಿನ ರಾಸ್ ಲಫಾನ್ ಗ್ಯಾಸ್ ಸ್ಥಾವರದ ಗೇಟಿನ ಪಕ್ಕದ ತಗಡಿನ ನೆರಳಲ್ಲಿ ಕಂಪನಿ ಬಸ್ಸಿಗೆ ಕಾಯುತ್ತ ಇದನ್ನು ಗೀಚುತ್ತಿದ್ದೇನೆ. ಬೆರಳಿಗೆ ಇನ್ನೂ ಮೀನಿನ ವಾಸನೆ ಇದೆ.

ಎರಡು ತಿಂಗಳಿಂದ ಚೀನೀ ಭಾಷೆ ಕಲಿಯುತ್ತಿದ್ದೇನೆ. ಒಂದು ಪುಸ್ತಕ, ಜೊತೆಗೊಂದು ಸಿ.ಡಿ. ಮಾತಾಡಿ ನೋಡಲು ನನಗೆ ಸಿಕ್ಕವರು ಒಬ್ಬರೇ, ಸೈಟಿನ ಹಿರಿಯ ವೆಲ್ಡರ್ ಲಿಯು. ಮಧ್ಯಾಹ್ನ ಇದೇ ನೆರಳಲ್ಲಿ ಕಂಡಾಗಲೆಲ್ಲ ಮೂರನೇ ಪಾಠದ ಒಂದು ವಾಕ್ಯ ಒಪ್ಪಿಸುತ್ತೇನೆ. ಅವರು ನಕ್ಕು, ರಾಗವಾಗಿ ಏನೋ ಹೇಳುತ್ತಾರೆ. ಪುಸ್ತಕವೆಲ್ಲ ತಡಕಿದರೂ ಅದು ಸಿಕ್ಕಿರಲಿಲ್ಲ. ಅವರ ಹಳ್ಳಿಯ ಕಡೆಯ ಚೀನೀ ಇರಬೇಕು ಅಂದುಕೊಂಡಿದ್ದೆ.

ಇವತ್ತು ನಮ್ಮ ಕ್ರೇನ್ ಆಪರೇಟರ್, ಕಾಪುವಿನ ಸುಧಾಕರ, ಪಕ್ಕದಲ್ಲೇ ಕೂತಿದ್ದ.

"ಎಂಥ ಸರ್, ಅವರು ಕೇಳಿದ್ದಕ್ಕೆ ಉತ್ತರ ಕೊಡುದಿಲ್ವಾ?"

"ಅರ್ಥ ಆದ್ರೆ ತಾನೆ?"

"ಅದು ತುಳು ಮಾರಾಯ್ರೆ. ನಾವೇ ಕಲಿಸಿದ್ದು. ಒಣಸ್ ಆಂಡಾ ಅಂತ ದಿನಾ ಕೇಳ್ತಾರೆ ನಿಮ್ಮ ಹತ್ರ."

ಊಟ ಆಯ್ತಾ ಅಂತ. ಉಡುಪಿಯಲ್ಲಿ ಹುಟ್ಟಿ, ಅಮ್ಮನ ಬಾಯಲ್ಲಿ ಇಪ್ಪತ್ತು ವರ್ಷ ಕೇಳಿದ ಮಾತನ್ನು ನಾನು ಚೀನೀ ಪುಸ್ತಕದಲ್ಲಿ ಹುಡುಕಿದ್ದೆ.

"ನಿಮಗೆ ತುಳು ಬರುದಿಲ್ಲ ಅಂತ ಅವರಿಗೆ ಪಾಪ, ಬೇಜಾರು," ಎಂದ ಸುಧಾಕರ. "ಅಲ್ಲ, ನೀವು ದಿನಾ ಅವರ ಹತ್ರ ಕೇಳುದು ಎಂಥದ್ದು?"

"ಅದನ್ನೇ," ಎಂದೆ.

ಪುಸ್ತಕ ತೆರೆದು, ಆ ವಾಕ್ಯದ ಮೇಲೆ ಬೆರಳಿಟ್ಟು ಲಿಯುಗೆ ತೋರಿಸಿದೆ. ಅವರು ಓದಿದರು. ನನ್ನ ಮುಖ ನೋಡಿ ಇನ್ನೊಮ್ಮೆ ಓದಿದರು. ಆಮೇಲೆ ಬುತ್ತಿ ಬಿಚ್ಚಿ, ಅರ್ಧ ಅನ್ನವನ್ನೂ ಇದ್ದ ಒಂದೇ ಮೀನನ್ನೂ ಮುಚ್ಚಳಕ್ಕೆ ಹಾಕಿ ನನ್ನ ಕಡೆ ತಳ್ಳಿದರು.