ಚಿತ್ರಾಹುತಿಗೆ ಬಂದವರು

ಮೋಜಣಿ ಕೆಲಸಕ್ಕ ಚಿಂಚೋಳಿ ಅಡವಿಗೆ ಹೋಗಿದ್ದೆ. ಮಧ್ಯಾಹ್ನ ಗಿಡದ ನೆರಳಿಗೆ ಕೂತು, ಮುತ್ತಲ ಎಲಿ ಮ್ಯಾಲ ಮೊಸರನ್ನ ಹಾಕ್ಕೊಂಡೆ. ಮನಿ ಪದ್ಧತಿಯಂಗ ಎಲಿ ಸುತ್ತ ನೀರು ಬಿಟ್ಟು, ಯಮ, ಚಿತ್ರಗುಪ್ತರ ಪಾಲಿನ ಚಿತ್ರಾಹುತಿ ಅಂತ ನಾಕು ಅಗಳು ಅನ್ನ ಬಲಕ್ಕ ನೆಲದ ಮ್ಯಾಲ ಇಟ್ಟೆ.

ಅಷ್ಟರಾಗ ಪೊದಿಯೊಳಗಿಂದ ಐದಾರು ಕೋಳಿ ಬಂದು ಅದನ್ನ ತಿಂದು ಮುಗಿಸಿದ್ವು. ಕೆಂಪು ಹ್ಯಾಟಿ ಕೋಳಿಯೊಂದು ನನ್ನ ತೊಡಿಗೆ ಒರಗಿ, ಇನ್ನಷ್ಟು ಹಾಕು ಅನ್ನುವಂಗ ಮಾರಿ ನೋಡ್ತು. ಉಣ್ಣುವಾಗ ಹಿಂಗ ಮುಟ್ಟಿಸಿಕೊಂಡರ ಊಟ ಬಿಟ್ಟು ಏಳಬೇಕು ಅನ್ನೋದು ನಮ್ಮ ನಿಯಮ. ಹೊಟ್ಟಿ ಏಳಲಿಕ್ಕೆ ಒಪ್ಪಲಿಲ್ಲ. ನಾನು ಕೋಳಿಗಳನ್ನ ಬೈಯಾಕತ್ತಿದ್ದು ಕೇಳಿ, ಅಲ್ಲೇ ಕಟಿಗಿ ಆರಸಾಕತ್ತಿದ್ದ ಅವುಗಳ ಒಡತಿ ಬಂದ್ಳು, ಅಡವಿ ಅಂಚಿನ ಗುಡಿಸಲದ ಒಬ್ಬ ಮುದುಕಿ.

"ಯಾಕ ಬೈತೀರಿ ಸಾಬ್? ನಾನೂ ದಿನಾ ಹಿಂಗೇ ನೀರು ಚಿಮುಕಿಸಿ, ನೆಲಕ್ಕ ಅನ್ನ ಇಟ್ಟೇ ಕರೀತೀನ್ರಿ. ನೀವು ಕರದ್ರಿ, ಬಂದ್ವು."

ಹ್ಯಾಟಿ ಒರಗಿಕೊಂಡೇ ಇತ್ತು, ನಾನು ಊಟ ಮುಗಿಸಿದೆ.

ಮನಿಗೆ ಬಂದಾಗ ಅವ್ವ ಕೇಳಿದ್ಲು, "ಅಡವ್ಯಾಗ ಚಿತ್ರಾಹುತಿ ಮರೀಲಿಲ್ಲಲ್ಲ?"

"ಇಲ್ಲವ್ವ, ಈ ಸಲ ಖುದ್ದ ಬಂದು ತಗೊಂಡ್ರು" ಅಂದೆ.

ಅವ್ವ ಅಲ್ಲೇ ನಿಂತು ಕೈ ಮುಗಿದ್ಲು. ಅವರು ಇನ್ನಷ್ಟು ಕೇಳಿದ್ದನ್ನ ಮಾತ್ರ ನಾನು ಹೇಳಲಿಲ್ಲ.